ಬೋಲ್ಟಿನಡಿಯ ಬಣ್ಣ

2004ನೇ ಇಸವಿ. ವಿಮಾನದ ಉಪಕರಣ ತಯಾರಿಸುವ ಸರ್ಕಾರಿ ಕಾರ್ಖಾನೆಯಲ್ಲಿ ಇಪ್ಪತ್ತಾರು ವರ್ಷ ದುಡಿದು, ಸ್ವಯಂ ನಿವೃತ್ತಿ ಪಡೆದು, ಬಾಲಾನಗರದಲ್ಲೇ ವ್ಯಾನ್ ಬಾಡಿ ಕಟ್ಟುವ ಒಂದು ಶೆಡ್ಡಿನಲ್ಲಿ ಎಲೆಕ್ಟ್ರಿಕಲ್ ಸೂಪರ್‌ವೈಸರ್ ಆಗಿದ್ದೆ. ಹೈದರಾಬಾದಿಗೆ ಆಗ ಸಾಫ್ಟ್‌ವೇರಿನ ಸುಗ್ಗಿ. ಜನಕ್ಕೆ ಹೊಸ ಹೊಸ ಆಸೆಗಳು. ಅಂಥ ಒಂದು ಆಸೆ ಕ್ಯಾರವಾನ್: ಒಳಗೇ ಮಂಚ, ಅಡುಗೆಕಟ್ಟೆ, ಫ್ರಿಜ್, ಫ್ಯಾನು, ನೀರಿನ ಪಂಪು ಇರುವ ವ್ಯಾನು. ನಮ್ಮ ಶೆಡ್ಡಿಗೆ ಅದು ಮೊದಲನೆಯದು.

ಅದರ ವೈರಿಂಗ್ ಮಾಡಿದವನು ಶಿವಪ್ಪ. ಯಾದಗಿರಿ ಕಡೆಯಿಂದ ಕಟ್ಟಡ ಕೆಲಸಕ್ಕೆ ಬಂದು, ನೋಡಿ ನೋಡಿಯೇ ವೈರಿಂಗ್ ಕಲಿತವನು. ದಿನವೆಲ್ಲ ಹಿಂದಿ, ತೆಲುಗು ಆಡುತ್ತಿದ್ದ ನನ್ನ ಬಾಯಿಗೆ ಕನ್ನಡ ಬರುತ್ತಿದ್ದುದು ಮಧ್ಯಾಹ್ನ ಅವನ ಜೊತೆ ಡಬ್ಬಿ ಬಿಚ್ಚಿದಾಗ. ಅವನ ಮನೆಯ ಶೇಂಗಾ ಚಟ್ನಿ ನೆನೆದರೆ ಈಗಲೂ ಬಾಯಲ್ಲಿ ನೀರೂರುತ್ತದೆ.

ಆಯುಧಪೂಜೆಗೆ ಶಿವಪ್ಪ ಊರಿಗೆ ಹೋದ. ನನಗೋ ಚೊಕ್ಕಟದ ಹುಚ್ಚು. ಚಾಸಿ, ಅಂದರೆ ವ್ಯಾನಿನ ಅಡಿಯ ಉಕ್ಕಿನ ಚೌಕಟ್ಟು, ಮಂಕಾಗಿದೆಯೆಂದು ಬೋಲ್ಟು ಬಿಚ್ಚಿಸಿ ಬಣ್ಣ ಹೊಡೆಸಿದೆ. ವೈರಿಂಗಿನ ಬೋಲ್ಟುಗಳನ್ನು ಬೇರೆಯವರ ಕೈಗೆ ಕೊಡಲು ಮನಸ್ಸಾಗದೆ ನಾನೇ ಬಿಗಿದೆ. ಪೂಜೆ ಮುಗಿದ ಮೇಲೆ ವ್ಯಾನು ಗಿರಾಕಿಯ ಮನೆ ಸೇರಿತು.

ಹದಿನೈದು ದಿನಕ್ಕೆ ವಾಪಸ್ ಬಂತು. ಗಿರಾಕಿ ಒಬ್ಬ ಸಾಫ್ಟ್‌ವೇರ್ ಮ್ಯಾನೇಜರ್. ದಾರಿಯಲ್ಲಿ ಫ್ರಿಜ್ ತಾನಾಗಿ ನಿಂತು ಮಗುವಿನ ಹಾಲು ಕೆಟ್ಟಿತ್ತು. ಬ್ಯಾಟರಿ ಬದಲಿಸಿ ಕಳಿಸಿದೆವು. ವಾರದೊಳಗೆ ಮತ್ತೆ ಅದೇ ರಗಳೆ. ಈ ಸಲ ಆತ ಶೆಡ್ಡೇ ಹಾರಿಹೋಗುವಂತೆ ಕೂಗಾಡಿದ. ಮಾಲೀಕ ಸೇಠ್ ನನ್ನತ್ತ ತಿರುಗಿ, "ವೈರಿಂಗ್ ಕಿಸ್ಕಾ?" ಎಂದ.

"ಶಿವಪ್ಪನದು" ಎಂದೆ. ಒಂದು ಕ್ಷಣವೂ ಯೋಚಿಸಲಿಲ್ಲ.

ಸೇಠ್ ಶಿವಪ್ಪನಿಗೆ, "ಕಲ್ ಸೇ ಆನಾ ನಕ್ಕೋ" ಎಂದುಬಿಟ್ಟ. ನಾಳೆಯಿಂದ ಬರಬೇಡ! ಆ ಜೂನ್‌ನಲ್ಲಷ್ಟೇ ಶಿವಪ್ಪ ಮಕ್ಕಳಿಬ್ಬರನ್ನೂ ಹತ್ತಿರದ ಶಾಲೆಗೆ ಹಾಕಿದ್ದ. ಮತ್ತೆ ಇಟ್ಟಿಗೆ ಹೊರಲು ಹೋದರೆ ಕೆಲಸವಿದ್ದಲ್ಲೇ ಗುಡಿಸಲು; ಮಕ್ಕಳ ಶಾಲೆ ಅಲ್ಲಿಗೆ ಮುಗಿದಂತೆ. ಅವನು ಜಗಳವಾಡಲಿಲ್ಲ. ನನ್ನ ಹತ್ತಿರ ಬಂದು, "ಇವತ್ತಿನ ದಿನ ಇನ್ನಾ ಐತಲ್ರಿ, ಸಾಹೇಬ್ರ. ಸಂಜೀತನಾ ಹುಡುಕೂಣ್ರಿ" ಎಂದ.

ಮೀಟರ್ ಹಿಡಿದೆ. ಬ್ಯಾಟರಿಯಲ್ಲಿ 12.6 ವೋಲ್ಟ್, ಫ್ರಿಜ್ಜಿನ ಬಳಿಯೂ ಅಷ್ಟೇ. ಎಲ್ಲ ಸರಿಯಾಗಿದೆ.

"ಖಾಲಿ ಇದ್ದಾಗ ಎಲ್ಲಾ ಚಲೋನ ತೋರಸ್ತೈತ್ರಿ. ಎಲ್ಲಾ ಚಾಲೂ ಮಾಡಿ ನೋಡ್ರಿ."

ಫ್ರಿಜ್, ಫ್ಯಾನು, ಪಂಪು, ದೀಪ ಎಲ್ಲ ಹಾಕಿದೆವು. ಬ್ಯಾಟರಿಯಲ್ಲಿ 12.3, ಫ್ರಿಜ್ಜಿನ ಬಳಿ 10.1! ವೋಲ್ಟೇಜ್ ಇಷ್ಟು ಇಳಿದರೆ ಆ ಫ್ರಿಜ್ ತಾನೇ ನಿಲ್ಲುತ್ತದೆ. ಎರಡು ವೋಲ್ಟ್ ದಾರಿಯಲ್ಲೇ ಸೋರುತ್ತಿತ್ತು. ಇಂಥ ವ್ಯಾನಿನಲ್ಲಿ ಕರೆಂಟು ವೈರಿನಲ್ಲಿ ಹೋಗಿ, ಅರ್ಥ್ ಬೋಲ್ಟಿನಿಂದ ಚಾಸಿಗೆ ಇಳಿದು, ಅದರ ಮೂಲಕ ಬ್ಯಾಟರಿಗೆ ಮರಳುತ್ತದೆ. ಹೋಗುವ ದಾರಿ ಅಳೆದೆ: ನಷ್ಟ ಬರೀ 0.1. ಮರಳುವ ದಾರಿಯಲ್ಲಿ 2.1.

ಶಿವಪ್ಪ ವ್ಯಾನಿನ ಅಡಿಗೆ ನುಸುಳಿದ. "ಸಾಹೇಬ್ರ, ಈ ಅರ್ಥ್ ಬೋಲ್ಟ್ ಸುಡಾಕತ್ತೈತ್ರಿ!"

ಎಲ್ಲ ಆರಿಸಿ, ಆ ಬೋಲ್ಟು ಬಿಚ್ಚಿದ. ವಾಷರಿನ ಕೆಳಗೆ ಕಪ್ಪು ಬಣ್ಣ ಮಿರಮಿರ ಮಿಂಚುತ್ತಿತ್ತು. ಬಣ್ಣ ಕರೆಂಟನ್ನು ಬಿಡದು; ಬೋಲ್ಟಿನ ತಿರುಪು ತಾಗಿದ ಕಡೆಯಿಂದಷ್ಟೇ ಅದು ಇಕ್ಕಟ್ಟಿನಲ್ಲಿ ಹಾದು ಬೋಲ್ಟು ಕಾಯುತ್ತಿತ್ತು. ಅರ್ಥ್ ಜೋಡಿಸುವಾಗ ಲೋಹಕ್ಕೆ ಲೋಹ ತಾಗಬೇಕೆಂದು ಕಾರ್ಖಾನೆಯಲ್ಲಿ ಪ್ರತಿ ಹೊಸ ತಂಡಕ್ಕೂ ಗಂಟಲು ಹರಿಯುವಂತೆ ಹೇಳುತ್ತಿದ್ದವನು ನಾನು. ಈ ಬೋಲ್ಟನ್ನು ಬಿಗಿದದ್ದೂ ನಾನೇ.

ಶಿವಪ್ಪ ಮರಳುಕಾಗದದಿಂದ ಬಣ್ಣ ಕೆರೆದು, ಬೋಲ್ಟು ಬಿಗಿದ. ಎಲ್ಲ ಮತ್ತೆ ಚಾಲೂ ಮಾಡಿದಾಗ ಫ್ರಿಜ್ಜಿನ ಬಳಿ 12.1 ಬಂತು. ಕೈ ಒರೆಸಿಕೊಳ್ಳುತ್ತ ಅವನು ಮೆಲ್ಲಗೆ, "ಬೋಲ್ಟ್ ಸಡ್ಲಾಗಿತ್ತು ಅಂತ ಹೇಳೂಣ್ರಿ. ನೀವು ಹಿರ‍್ಯಾರು" ಎಂದ.

ತಾನಿಲ್ಲದಾಗ ವೈರಿಂಗಿನ ಬೋಲ್ಟು ಮುಟ್ಟುವವನು ನಾನೊಬ್ಬನೇ ಎಂದು ಅವನಿಗೆ ತಿಳಿದಿತ್ತು. ಸುಳ್ಳು ಹೇಳಲು ನನಗೂ ಒಂದು ಗಳಿಗೆ ಮನಸ್ಸಾಯಿತು, ಮುಚ್ಚಿಡುವುದೇಕೆ? ಆದರೆ ಸಡಿಲ ಬೋಲ್ಟೆಂದರೆ ಆ ತಪ್ಪೂ ಶಿವಪ್ಪನ ತಲೆಗೇ. ಸೇಠ್‌ನ ಮೇಜಿನ ಮುಂದೆ, ಗಿರಾಕಿಯ ಎದುರಿಗೇ, "ಗಲ್ತೀ ಮೇರೀ ಹೈ ಸೇಠ್, ಶಿವಪ್ಪ ಕೀ ನೈ" ಎಂದು ತಪ್ಪು ಒಪ್ಪಿಕೊಂಡು ನಡೆದದ್ದೆಲ್ಲ ಹೇಳಿದೆ. ಸೇಠ್ ನನ್ನನ್ನೇ ದಿಟ್ಟಿಸಿ ನೋಡಿದ. ಆಮೇಲೆ, "ತೋ ಕಲ್ ದೋನೋ ಟೈಮ್ ಪೇ ಆವೋ" ಎಂದ. ನಾಳೆ ಇಬ್ಬರೂ ಹೊತ್ತಿಗೆ ಸರಿಯಾಗಿ ಬನ್ನಿ ಎಂದಷ್ಟೇ.

ದೋಷ ಹುಡುಕುವಾಗ ನನ್ನ ಕೈ ಆಡಿದ ಜಾಗವನ್ನೇ ಮೊದಲು ಬಿಚ್ಚಿ ನೋಡುವ ಅಭ್ಯಾಸ ಅಂದಿನಿಂದ ಬಂತು. ಇಪ್ಪತ್ತಾರು ವರ್ಷದ ಕಾರ್ಖಾನೆ ಕಲಿಸದ ಪಾಠ ಅದು.

ಮರುವರ್ಷದ ಆಯುಧಪೂಜೆಗೆ ಶಿವಪ್ಪ ಊರಿಗೆ ಹೋಗಲಿಲ್ಲ. ಹೆಂಡತಿ ಮಕ್ಕಳನ್ನು ಶೆಡ್ಡಿಗೇ ಕರೆತಂದ. ಮೀಟರಿಗೆ, ಬೋಲ್ಟು ಬಿಗಿಯುವ ಪಾನಾಗಳಿಗೆ ಕುಂಕುಮ ಹಚ್ಚಿ, ಹೊಸ ವ್ಯಾನಿನ ಅಡಿಗೆ ನುಸುಳಿ ಹೊರಬಂದ.

"ಅರ್ಥ್ ಬೋಲ್ಟಿಗೂ ಕುಂಕುಮ ಹಚ್ಚೀನ್ರಿ, ಸಾಹೇಬ್ರ" ಎಂದು ನಕ್ಕ. "ಅಂಜಬ್ಯಾಡ್ರಿ, ಬಿಗದ ಮ್ಯಾಲ ಹಚ್ಚೀನಿ."