ಈರಭದ್ರಪ್ಪ ಹುಲ್ಲು ತುಳಿದದ್ದು

ಹಿರೇನಲ್ಲೂರಿನ ಮಗ್ಗುಲ ಹಳ್ಳಿಯೊಂದರಲ್ಲಿ ಹುಟ್ಟಿದ ಈರಭದ್ರಪ್ಪ ಕಡೂರಿಗೆ ಬಂದು ಸರ್ಕಾರಿ ಗುಮಾಸ್ತನಾದದ್ದೇ ಮಣ್ಣಿನಿಂದ ಪಾರಾಗುವುದಕ್ಕೆ. ಹೊಲವನ್ನು ಅಣ್ಣ ಅಜ್ಜಯ್ಯನಿಗೆ ಬಿಟ್ಟ. ಪೇಟೆಯಲ್ಲಿ ಬಾಡಿಗೆ ಮನೆ ಹಿಡಿದು, ಬಾಡಿಗೆ ಮನೆಯೆಂಬುದನ್ನೂ ಮರೆತು ಅಂಗಳಕ್ಕೆ ಸಿಮೆಂಟು ಹಾಕಿಸಿದ. ಒಂದು ಗರಿಕೆ ಕೂಡ ತಲೆಯೆತ್ತಬಾರದು, ಅಷ್ಟೇ ಅವನ ಆಸೆ.

ಬಹುಕಾಲ ಹೀಗೆ ಸುಖವಾಗಿದ್ದವನಿಗೆ ಎಂಬತ್ತೊಂದನೇ ಇಸವಿಯ ಹೊತ್ತಿಗೆ ಕೂಗಾಟದ ಕಾಯಿಲೆ ಅಂಟಿತು. ಅರ್ಜಿ ಹಿಡಿದು ಬಂದವರ ಮೇಲೆ ಕೂಗುತ್ತಿದ್ದ. ತಿರುಗದ ಫ್ಯಾನಿನ ಮೇಲೆ ಕೂಗುತ್ತಿದ್ದ. ಕಾಫಿ ತಣ್ಣಗಿದ್ದರೆ ಕಾಫಿಯ ಮೇಲೆ, ಬಿಸಿಯಿದ್ದರೆ ತಂದವನ ಮೇಲೆ. ಕೊನೆಗೆ ಸಾಹೇಬರು ಒಳಗೆ ಕರೆಸಿದರು.

"ಇನ್ನೊಂದ್ಸಲ ಜನರ ಮೇಲೆ ಕೂಗಾಡಿದ್ದು ನನ್ನ ಕಿವಿಗೆ ಬಿತ್ತೋ, ಬೀದರಿಗೆ ವರ್ಗ ಕಣ್ರೀ ನಿಮಗೆ."

ಈರಭದ್ರಪ್ಪ ಗೋಡೆಯ ನಕ್ಷೆಯಲ್ಲಿ ಬೀದರನ್ನು ಹುಡುಕಿದ. ಅದನ್ನು ಮುಟ್ಟಲು ತುದಿಗಾಲಲ್ಲಿ ನಿಲ್ಲಬೇಕಾಯಿತು. ಅಲ್ಲಿಂದ ನೇರವಾಗಿ ಡಾಕ್ಟರ ಹತ್ತಿರ ಓಡಿದ.

ಡಾಕ್ಟರು ಇಂಗ್ಲಿಷ್ ಮಾಸಪತ್ರಿಕೆಗಳನ್ನು ತರಿಸಿ ಓದುವವರು. ಮಾತ್ರೆ ಬರೆಯಲಿಲ್ಲ. "ನೀವು ಪ್ರಕೃತಿಯಿಂದ ದೂರ ಆಗಿದ್ದೀರಿ. ಭಾನುವಾರ ಬೆಳಿಗ್ಗೆ ಇಬ್ಬನಿ ಬಿದ್ದ ಹುಲ್ಲಿನ ಮೇಲೆ ಬರಿಗಾಲಲ್ಲಿ ನಡೀರಿ. ಮಾತು ಬೇಡ. ಮರ ಮುಟ್ಟಿ ಕಣ್ಣು ಮುಚ್ಚಿ ನಿಂತ್ಕೊಳ್ಳಿ" ಎಂದರು.

ಕಡೂರಿನಲ್ಲಿ ಹುಲ್ಲಿದ್ದ ಕಡೆಯೆಲ್ಲ ಬೆಳಿಗ್ಗೆ ಚೊಂಬು ಹಿಡಿದು ಕೂತವರಿದ್ದರು. ಹಾಗಾಗಿ ಆ ಭಾನುವಾರ ಈರಭದ್ರಪ್ಪ ಮೊದಲನೇ ಬಸ್ಸಿಗೆ ಊರಿಗೆ ಹೊರಟ. ಅಣ್ಣನ ಮನೆಗೂ ಹೋಗದೆ ಸೀದಾ ಹೊಲಕ್ಕೆ ಬಂದು, ಚಪ್ಪಲಿ ಕಳಚಿಟ್ಟು, ಬದುವಿನ ಹುಲ್ಲಿನ ಮೇಲೆ ಈ ಕೊನೆಯಿಂದ ಆ ಕೊನೆಗೆ ಗಂಭೀರವಾಗಿ ನಡೆಯತೊಡಗಿದ. ನಮ್ಮ ಕಡೆ ಹೊಲದ ಬದುವಿನ ಮೇಲೆ ಕೈಯಲ್ಲಿ ಕುಡುಗೋಲೂ ಇಲ್ಲದೆ, ಬಾಯಲ್ಲಿ ಮಾತೂ ಇಲ್ಲದೆ ನಡೆಯುವವರು ಇಬ್ಬರೇ: ಸರ್ವೆಯವನು, ಮತ್ತು ಪಾಲು ಕೇಳಲು ಬಂದ ತಮ್ಮ.

ಹುಲ್ಲು ಕೊಯ್ಯಲು ಬಂದ ಅತ್ತಿಗೆ ಕರಿಬಸಮ್ಮ ಇದನ್ನು ಕಂಡವಳೇ ಮನೆಗೆ ಓಡಿದಳು.

"ನಿಮ್ ತಮ್ಮ ಬಂದವ್ನೆ ಕಣ್ರೀ! ಮೆಟ್ಟು ಬಿಟ್ಟು ಬದು ಅಳೀತಾವ್ನೆ. ಹೊಂಗೆ ಮರ ಮುಟ್ಟಿ, ಕಣ್ಮುಚ್ಕಂಡು ಆಣೆ ಬೇರೆ ಮಾಡ್ದ!"

ಅಜ್ಜಯ್ಯ ಸಾಕ್ಷಿಗಿರಲೆಂದು ಪಕ್ಕದ ಹೊಲದ ದೊಡ್ಡಬೀರಪ್ಪನನ್ನೂ ಎಳೆದುಕೊಂಡು ಬಂದ. ಕರಿಬಸಮ್ಮ ಎಮ್ಮೆ ಹೊಡೆದುಕೊಂಡು ಹಿಂದೆಯೇ ಬಂದಳು.

"ಪಾಲು ಬೇಕಂದ್ರೆ ಮನೇಗ್ ಬಂದು ಕೇಳೋ. ಕಳ್ಳನಂಗೆ ಯಾಕ್ಲಾ ಅಳೀತೀಯ?"

"ಪಾಲಲ್ಲ ಅಣ್ಣಾ, ಪ್ರಕೃತಿ ನೋಡಾಕೆ ಬಂದೆ."

"ಯಾವ ಸರ್ವೆ ನಂಬರ್‌ನಾಗೈತೆ ಅದು?" ಎಂದ ದೊಡ್ಡಬೀರಪ್ಪ.

"ಡಾಕ್ಟ್ರು ಹುಲ್ಲು ತುಳೀರಿ ಅಂದವ್ರೆ."

"ಹುಟ್ಟಿದಾಗ್ಲಿಂದ ತುಳೀತಾ ಇದೀನಿ, ನಂಗ್ಯಾವ ಡಾಕ್ಟ್ರೂ ಶಭಾಷ್ ಅನ್ಲಿಲ್ವಲ್ಲೋ!" ಎಂದು ಅಜ್ಜಯ್ಯ ಅಬ್ಬರಿಸಿದ.

ಈರಭದ್ರಪ್ಪನ ಕೂಗು ಗಂಟಲವರೆಗೆ ಬಂತು. ಬೀದರು ಕಣ್ಣಿಗೆ ಕಟ್ಟಿತು. ಔಷಧಿ ನುಂಗಿದಂತೆ ಅದನ್ನು ನುಂಗಿ, ಸಾಹೇಬರ ಮಾತನ್ನೆಲ್ಲ ಹೇಳಿಕೊಂಡ. ಅಣ್ಣ ನಂಬಲಿಲ್ಲ. ಕರಿಬಸಮ್ಮನಿಗೆ ಮಾತ್ರ ಅಯ್ಯೋ ಅನ್ನಿಸಿತು. ಎಮ್ಮೆಯ ಹಗ್ಗವನ್ನು ತಂದು ಮೈದುನನ ಕೈಗಿಟ್ಟಳು.

"ನಡೀಬೇಕು ತಾನೆ? ಇದ್ನ ಹಿಡ್ಕಂಡು ನಡಿಯಪ್ಪ. ಎಮ್ಮೆ ಜತೇಗಿದ್ರೆ ಯಾರೂ ಏನೂ ಕೇಳಾಕಿಲ್ಲ."

ನಿಜವೇ ಆಯಿತು. ಹಗ್ಗ ಕೈಗೆ ಬಂದದ್ದೇ ತಡ, ಅವನು ಎಲ್ಲಿ ನಿಂತರೂ ಯಾವ ಮರ ಮುಟ್ಟಿದರೂ ಊರು ತಿರುಗಿ ನೋಡಲಿಲ್ಲ. ಅಜ್ಜಯ್ಯನೂ ಸಮಾಧಾನಗೊಂಡ, ಪಾಲು ಕೇಳುವವನು ಎಂದಾದರೂ ಎಮ್ಮೆ ಮೇಯಿಸುತ್ತಾನೆಯೇ?

ಎಮ್ಮೆ ಮಾತ್ರ ಡಾಕ್ಟರ ಸಲಹೆ ಕೇಳಿದ್ದಲ್ಲ. ಇಬ್ಬನಿಯ ಹುಲ್ಲು ಬಿಟ್ಟು ಕೆಸರಿಗೆ ಎಳೆಯಿತು, ಜಾಲಿಮುಳ್ಳಿಗೆ ಎಳೆಯಿತು. ಈರಭದ್ರಪ್ಪ ವಾರವೆಲ್ಲ ಕಚೇರಿಯಲ್ಲಿ ಅದುಮಿಟ್ಟಿದ್ದನ್ನು ಅದರ ಮೇಲೆ ಸುರಿದ. ಎಮ್ಮೆಯ ಮೇಲೆ ಮಳೆ ಸುರಿದಂತಾಯಿತು. ಅದು ಮೆಲುಕು ಹಾಕುತ್ತ ಅವನನ್ನೇ ನೋಡಿತು. ಇಷ್ಟು ತಾಳ್ಮೆಯಿಂದ ಅವನ ಮಾತನ್ನು ಯಾರೂ ಈವರೆಗೆ ಕೇಳಿರಲಿಲ್ಲ. ಪ್ರತಿ ಭಾನುವಾರವೂ ಬರತೊಡಗಿದ. ಬರಬರುತ್ತ ಬೈಗುಳ ಕಮ್ಮಿಯಾಯಿತು, ಕೂರುವುದು ಹೆಚ್ಚಾಯಿತು. ಕಚೇರಿಯಲ್ಲಿ ಜನ ಅವನ ಮೇಜಿನ ಹತ್ತಿರ ಧೈರ್ಯವಾಗಿ ಬರತೊಡಗಿದರು.

ಒಂದು ಭಾನುವಾರ ಹೊಂಗೆಯ ನೆರಳಲ್ಲಿ ಅವನಿಗೆ ಜೊಂಪು ಹತ್ತಿತು. ಎಮ್ಮೆ ದೊಡ್ಡಬೀರಪ್ಪನ ಹುರುಳಿಗೆ ನುಗ್ಗಿತು. ದೊಡ್ಡಬೀರಪ್ಪ ಓಡಿಬಂದು ಈರಭದ್ರಪ್ಪನ ಅಜ್ಜ, ಮುತ್ತಜ್ಜಂದಿರನ್ನೂ ಬಿಡದೆ ಝಾಡಿಸಿದ. ಅಜ್ಜಯ್ಯ, ಕರಿಬಸಮ್ಮ ಇಬ್ಬರೂ ಕೆಲಸ ಬಿಟ್ಟು ಓಡಿಬಂದರು.

ಈರಭದ್ರಪ್ಪ ಎದ್ದು ಕಣ್ಣುಜ್ಜಿಕೊಂಡು, ಮೆಲ್ಲಗೆ, "ತಪ್ಪು ನಂದೇ ಬೀರಪ್ಪಣ್ಣ. ನಿದ್ದೆ ಬಂದ್ಬಿಡ್ತು. ಚೆನ್ನಾಗಿ ಬಂತು" ಎಂದ.

ದೊಡ್ಡಬೀರಪ್ಪ ಬೈಗುಳ ಬಿಟ್ಟು ಎಮ್ಮೆ ಅಟ್ಟಲು ಹೊರಟ. ತಿರುಗಿ ಬೈಯದವನನ್ನು ಬೈಯುವುದು ಹೇಗೆಂದು ಅವನಿಗೆ ಯಾರೂ ಕಲಿಸಿರಲಿಲ್ಲ. ಅಜ್ಜಯ್ಯ ಗಾಬರಿಯಿಂದ ತಮ್ಮನ ಹಣೆ ಮುಟ್ಟಿ ನೋಡಿದ.

"ಮೈ ಬಿಸಿ ಇಲ್ಲ. ಅಷ್ಟು ಬೈದ್ರೂ ತಿರುಗಿ ಕೂಗಾಡ್ಲಿಲ್ಲ ಇವ್ನು" ಎಂದು ಹೆಂಡತಿಯ ಕಡೆ ತಿರುಗಿದ. "ನಂಗ್ಯಾಕೋ ಭಯ ಆಯ್ತೈತೆ ಕಣೇ. ನಾಳೇನೆ ಇವ್ನ ಕರ್ಕಂಡ್ ಹೋಗಿ ಯಾರಾದ್ರೂ ಡಾಕ್ಟ್ರಿಗೆ ತೋರಿಸ್ಬೇಕು."