ನೀಲಕ್ಕ ಬಾಯಿಬಿಟ್ಟ ದಿನ

ಮದುವೆ ಮಾಡಿ ನೋಡು, ಮನೆ ಕಟ್ಟಿ ನೋಡು ಅಂದರು ಹಿರಿಯರು. ಪಾಪ, ಅವರ ಕಾಲಕ್ಕೆ ಕ್ರೂಸ್ ಇರಲಿಲ್ಲ. ಇದ್ದಿದ್ದರೆ ಬೀಗರ ಜೊತೆ ಹಡಗು ಹತ್ತಿ ನೋಡು ಅಂತ ಖಂಡಿತ ಸೇರಿಸುತ್ತಿದ್ದರು.

ನಾನು ಶಾಂಭವಿ. ಧಾರವಾಡದ ಹೆಣ್ಣುಮಗಳು, ಈಗ ಸಿಡ್ನಿಯ ಹ್ಯಾರಿಸ್ ಪಾರ್ಕಿನವಳು. ಇದ್ದದ್ದನ್ನು ಇದ್ದ ಹಾಗೆ ಎದುರಿಗೇ ಹೇಳಿಬಿಡುವ ಚಾಳಿ ನನ್ನದು. ಚಾಟ್ಸ್‌ವುಡ್ಡಿನ ಆಫೀಸಿನಲ್ಲಿ ನನ್ನ ಮ್ಯಾನೇಜರು ಕೂಡ ನನ್ನ ಮುಖ ನೋಡಿಕೊಂಡೇ ಬಾಯಿ ತೆಗೆಯುತ್ತಾನೆ. ಆದರೆ ಮಗಳನ್ನು ಕೊಟ್ಟ ಮನೆಯವರ ಮುಂದೆ ನಿಂತೆನೋ, ಮುಗಿಯಿತು, ನನ್ನ ನಾಲಿಗೆ ಅಂಗುಳಕ್ಕೆ ಅಂಟಿಕೊಳ್ಳುತ್ತದೆ. ಹೆಣ್ಣು ಕೊಟ್ಟವರು ತಗ್ಗಿ ನಡೆಯಬೇಕು ಅಂತ ನಮ್ಮವ್ವ ಹಾಲಿನ ಜೊತೆ ಕುಡಿಸಿದ್ದಳು. ಸಮುದ್ರ ದಾಟಿ ಬಂದರೂ ಅದು ಮೈಯಿಂದ ಇಳಿದಿಲ್ಲ.

ನನ್ನ ಬೀಗತಿ ನೀಲಕ್ಕ ಮೆಲ್ಬರ್ನಿನ ಕ್ರೇಗಿಬರ್ನಿನಲ್ಲಿರುತ್ತಾರೆ. ಬೈಲಹೊಂಗಲದ ಕಡೆಯವರು. ಅಲ್ಲಿನ ಚೈಲ್ಡ್‌ಕೇರ್ ಒಂದರಲ್ಲಿ ಟೀಚರು. ಒಮ್ಮೆ ಅವರನ್ನು ಕರೆತರಲು ಅಲ್ಲಿಗೆ ಹೋಗಿದ್ದೆ. ನೀಲಕ್ಕ 'ಸಿಟ್!' ಅಂದರೆ ಓಡುತ್ತಿದ್ದ ಕೂಸುಗಳೆಲ್ಲ ಇದ್ದಲ್ಲೇ ಕೂತವು. ಬಾಗಿಲಲ್ಲಿದ್ದ ಒಬ್ಬ ತಂದೆಯೂ ಕೂತ. ಅಂಥ ಗಂಟಲು. ಅದೇ ನೀಲಕ್ಕ ನಮ್ಮೆದುರು ಬಂದರೆ ತಲೆಯ ಮೇಲೆ ಸೆರಗಿಲ್ಲ ಅನ್ನುವುದೊಂದೇ ಕಡಿಮೆ. ಏನು ಕೇಳಿದರೂ ಒಂದೇ ಉತ್ತರ: "ನೀವು ಹೇಳಿದ್ಹಂಗ್ರಿ."

ಚಹಾ ಕುಡೀತೀರಾ? ನೀವು ಹೇಳಿದ್ಹಂಗ್ರಿ. ಫ್ಯಾನು ಹಾಕಲಾ? ನೀವು ಹೇಳಿದ್ಹಂಗ್ರಿ. ಅಯ್ಯ ಶಿವನೇ, ಸೆಕೆ ಆಗುತ್ತಿರುವುದು ನಿಮಗೋ ನನಗೋ ಅಂತ ಕೇಳಬೇಕು ಅನಿಸುತ್ತಿತ್ತು. ಕೇಳುತ್ತಿರಲಿಲ್ಲ.

ನಾನೇನು ಕಡಿಮೆಯೇ? ನಿಶ್ಚಿತಾರ್ಥದ ದಿನ ಅವರು ಮಾದಲಿ ಬಡಿಸಿದ್ದರು. ಗೋದಿಹಿಟ್ಟು, ಬೆಲ್ಲ, ಗಸಗಸೆ ಹಾಕಿದ ಆ ಸಿಹಿ ಪುಡಿ ನನಗೆ ಹುಟ್ಟಿದಾಗಿನಿಂದ ಸೇರುವುದಿಲ್ಲ, ಗಂಟಲಲ್ಲೇ ನಿಲ್ಲುತ್ತದೆ. "ಆಹಾ, ಎಷ್ಟ್ ಚಂದ ಆಗೇತ್ರಿ ಅಕ್ಕಾರ!" ಅಂದೆ. ಅಷ್ಟೇ. ಅಂದಿನಿಂದ ದೀಪಾವಳಿಗೆ ಮಾದಲಿ, ಯುಗಾದಿಗೆ ಮಾದಲಿ, ನನ್ನ ಹುಟ್ಟುಹಬ್ಬಕ್ಕೆ ಕೊರಿಯರಿನಲ್ಲಿ ಮಾದಲಿ. ನಮ್ಮ ಅಡುಗೆಮನೆಯ ಮೇಲಿನ ಕಪಾಟು ಡಬ್ಬಿಗಳಿಂದ ತುಂಬಿಹೋಯಿತು.

ಇದೆಲ್ಲ ನಗುವ ಮಾತು. ನಗಲಾರದ ಮಾತು ಒಂದಿತ್ತು. ಮಗಳು ಆದ್ಯಾ ಬಸುರಿಯಾದಳು. ಚೊಚ್ಚಲ ಹೆರಿಗೆ, ಬಾಣಂತನ ತವರಿನಲ್ಲಿ ಆಗಬೇಕು. ಅದು ನಮ್ಮ ಪದ್ಧತಿ, ಅದಕ್ಕಿಂತ ಹೆಚ್ಚಾಗಿ ನನ್ನ ಆಸೆ. ಅವಳಿಗೆ ನನ್ನ ಕೈಯಾರೆ ಎಣ್ಣೆ ಹಚ್ಚಿ ಎರೆಯಬೇಕು, ಕೂಸನ್ನು ಕಾಲ ಮೇಲೆ ಹಾಕಿಕೊಂಡು ನೀರು ಹಾಕಬೇಕು. ರಾತ್ರಿ ಹಗಲು ಅದೇ ಕನಸು. ಬೀಗರನ್ನು ಕೇಳಬೇಕು ಅಂತ ಬಾಯಿ ತೆಗೆಯುವ ಹೊತ್ತಿಗೆ ಸರಿಯಾಗಿ ಫ್ಯಾಮಿಲಿ ಗ್ರೂಪಿನಲ್ಲಿ ಒಂದು ಫೋಟೋ ಬಂತು. ನೀಲಕ್ಕ ತೊಟ್ಟಿಲು ತಂದು ತಮ್ಮ ಕೋಣೆಯಲ್ಲಿ ಜೋಡಿಸಿಟ್ಟಿದ್ದರು. ಆದ್ಯಾಳ ಕೆಲಸ, ಮನೆ, ಡಾಕ್ಟರು ಎಲ್ಲ ಮೆಲ್ಬರ್ನಿನಲ್ಲೇ. 'ಬಹಳ ಚಂದ ಐತ್ರಿ' ಅಂತ ಬರೆದು, ಎರಡು ಕೈಮುಗಿದ ಚಿತ್ರ ಹಾಕಿ, ಅಡುಗೆಮನೆಗೆ ಹೋಗಿ ಪಾತ್ರೆಗಳನ್ನು ದಡಬಡ ಅನಿಸಿದೆ.

"ಕೇಳಿಬಿಡು," ಅಂದರು ನಮ್ಮವರು, ವಿರುಪಾಕ್ಷ.

"ಕೇಳಿ, ಅವರು ಆಗೂದಿಲ್ಲಂದ್ರ? ನಾಳೆ ಬಾಳುವೆ ಮಾಡಾಕಿ ನಿಮ್ಮ ಮಗಳು, ನೀವಲ್ಲ!"

ಅದೇ ಹೊತ್ತಿಗೆ ಆದ್ಯಾ ಮತ್ತು ಅಳಿಯ ಇಶಾನ್ ಸೇರಿ ನಮಗೆ, ಬೀಗರಿಗೆ, ನಾಲ್ವರಿಗೂ ಬ್ರಿಟನ್ ಸುತ್ತುವ ಕ್ರೂಸಿನ ಟಿಕೆಟ್ ತೆಗೆದರು. ಮಗು ಬಂದ ಮೇಲೆ ನಿಮಗೆಲ್ಲಿ ಪುರುಸೊತ್ತು, ಆಗಸ್ಟಿನಲ್ಲಿ ಹೋಗಿ ಬನ್ನಿ ಅಂದರು. ಹಡಗು ಒಂದು ದಿನ ಸ್ಕಾಟ್ಲೆಂಡಿನ ಹಳ್ಳಿಗಾಡಿನ ಪಕ್ಕ, ಇನ್ವರ್‌ಗಾರ್ಡನ್ ಎಂಬ ಸಣ್ಣ ಊರಿನಲ್ಲಿ ನಿಲ್ಲುತ್ತದೆ. ಇಳಿದು ಸುತ್ತಾಡಿ ಸಂಜೆಗೆ ಮರಳಬೇಕು. ನಾನು ಆ ದಿನದ ಮೇಲೆ ಕಣ್ಣಿಟ್ಟೆ. ಹಡಗಿನಲ್ಲಿ ಎಲ್ಲಿ ನೋಡಿದರೂ ಜನ, ಜೊತೆಗೆ ಗಂಡಂದಿರು. ದಂಡೆಗಿಳಿದ ಮೇಲೆ ಯಾವುದೋ ಹೊಲದ ಬದುವಿನಲ್ಲಿ ನೀಲಕ್ಕನನ್ನು ಕೂರಿಸಿಕೊಂಡು, ಬುತ್ತಿ ಬಿಚ್ಚಿ, ಮೆಲ್ಲಗೆ ಬಾಣಂತನದ ಮಾತೆತ್ತುವುದು ನನ್ನ ಲೆಕ್ಕಾಚಾರ.

ಆ ದಿನದ ಪ್ಲಾನ್ ಮಾಡಲು ಒಂದು ಭಾನುವಾರ ವಿಡಿಯೋ ಕಾಲ್ ಆಯಿತು. ಅತ್ತ ನೀಲಕ್ಕ ಮತ್ತು ಬೀಗರು ಕಲ್ಲಯ್ಯನವರು, ಹಣೆತುಂಬ ವಿಭೂತಿ. ಕಲ್ಲಯ್ಯನವರು ಕೌನ್ಸಿಲ್ಲಿನಲ್ಲಿ, ಅಂದರೆ ಅಲ್ಲಿನ ನಗರಸಭೆಯಲ್ಲಿ, ಇಂಜಿನಿಯರು, ಲಿಂಗಪೂಜೆ ಆಗದೆ ಚಹಾ ಮುಟ್ಟುವವರಲ್ಲ. ಇತ್ತ ನಾವಿಬ್ಬರು.

"ಕೋಟೆ ಐತ್ರಿ, ಸರೋವರ ಐತ್ರಿ," ಎಂದು ನಮ್ಮವರು ಓದಿದರು. "ಒಂದು ಫಾರ್ಮ್ ಐತಿ. ಕುರಿ ಕಾಯೂ ನಾಯಿ ತೋರಸ್ತಾರಂತ, ಕಣ್ಣ ಮ್ಯಾಲೆ ಕೂದಲಾ ಬಿದ್ದ ಆಕಳಾ ಅದಾವಂತ. ಹೇಳ್ರಿ ಬೀಗರ, ಯಾವುದು?"

"ನಮ್ಮದೇನೈತ್ರಿ, ನೀವ ಹೇಳ್ರಿ," ಅಂದರು ಕಲ್ಲಯ್ಯನವರು.

"ಛೆ ಛೆ, ಗಂಡಿನವರು ನೀವು. ನೀವ ಹೇಳಬೇಕು."

"ಅಕ್ಕಾರ, ನೀವರ ಹೇಳ್ರಿ," ಅಂದೆ ನಾನು.

"ನೀವು ಹೇಳಿದ್ಹಂಗ್ರಿ."

ಫೋನು ಕೆಟ್ಟಿತೇನೋ ಅಂತ ನಮ್ಮವರು ಅದನ್ನೊಮ್ಮೆ ಅಲುಗಾಡಿಸಿದರು. ಆ ಮುಜುಗರ ತಾಳಲಾರದೆ ಕಲ್ಲಯ್ಯನವರು, ಸುಮ್ಮನೆ ಮಾತಿಗೊಂದು ಮಾತು ಅಂತ, "ಸ್ಕಾಟ್ಲೆಂಡ್ ಅಂದ್ರ ಜಗತ್ತಿನ್ಯಾಗ ವಿಸ್ಕಿಗೆ ಭಾಳ ಹೆಸರಂತ ನೋಡ್ರಿ," ಅಂದರು.

ಅನ್ನಬಾರದಿತ್ತು. ನಮ್ಮವರ ಮುಖ ಬಿಳಿಚಿಕೊಂಡಿತು. ಗಂಡಿನ ತಂದೆ ಜೀವಮಾನದಲ್ಲಿ ಮೊದಲ ಸಲ ಒಂದು ಆಸೆ ತೋಡಿಕೊಂಡಿದ್ದಾರೆ, ಅದನ್ನು ನಡೆಸಿಕೊಡದಿದ್ದರೆ ಹೇಗೆ? "ಐತ್ರಿ, ಅದೂ ಐತಿ! ವಿಸ್ಕಿ ಮಾಡೂದು ತೋರಸಾಕ ಬಸ್ಸಿನ್ಯಾಗ ಕರ್ಕೊಂಡ್ ಹೋಗ್ತಾರ. ಬುಕ್ ಮಾಡಲೇನ್ರಿ?"

ಕಲ್ಲಯ್ಯನವರು ಒಂದು ಕ್ಷಣ ಕಣ್ಣು ಪಿಳಿಪಿಳಿಸಿದರು. "ನಿಮಗ ಅಷ್ಟ್ ಮನಸೈತಿ ಅಂದ್ರ... ಆಗಲಿ ಬಿಡ್ರಿ."

"ಅಕ್ಕಾರ?"

"ನೀವು ಹೇಳಿದ್ಹಂಗ್ರಿ."

ಕಾಲ್ ಮುಗಿದದ್ದೇ ತಡ, ನಾನು ಇವರ ಮೇಲೆ ಹರಿಹಾಯ್ದೆ. "ರೀ, ಬೀಗರು ಕುಡಿತಾರೇನು? ವಿಭೂತಿ ಹಚ್ಕೊಂಡು ಕುಡಿತಾರೇನು? ಎಂಥಾ ಮನಿಗೆ ಕೊಟ್ವಿರಿ ಹುಡುಗೀನ್ನ!" ನಮ್ಮ ಮನೆತನದಲ್ಲಿ ಹೆಂಡದ ವಾಸನೆ ಕಂಡವರಿಲ್ಲ. ಅದೇ ಹೊತ್ತಿಗೆ ಕ್ರೇಗಿಬರ್ನಿನಲ್ಲಿ ನೀಲಕ್ಕ ಗಂಡನಿಗೆ, "ಹುಡುಗಿ ಅಪ್ಪಗ ಚಟಾ ಐತೇನ್ರಿ? ಮೊದಲ ಯಾಕ ವಿಚಾರಸಲಿಲ್ಲ?" ಅಂತ ಝಾಡಿಸುತ್ತಿದ್ದರಂತೆ. ಅದು ಆಮೇಲೆ ಗೊತ್ತಾಯಿತು.

ಆದ್ಯಾಳಿಗೆ ಫೋನ್ ಮಾಡಿದೆ. "ಜಸ್ಟ್ ಆಸ್ಕ್ ದೆಮ್, ಅಮ್ಮ," ಅಂದಳು. ಇವಳ ಪೀಳಿಗೆಗೆ ಎಲ್ಲದಕ್ಕೂ ಅದೇ ಮದ್ದು. ಆದರೂ ಫಾರ್ಮಿಗೆ ಬದಲಾಯಿಸಲು ಒಂದು ಪ್ರಯತ್ನ ಮಾಡೋಣ ಅಂತ ಧೈರ್ಯ ಮಾಡಿ ನೀಲಕ್ಕನಿಗೆ ಫೋನ್ ಹಚ್ಚಿದೆ.

"ಅಕ್ಕಾರ, ಆಕಳಾ ನಿಮಗ ಸೇರತಾವೇನ್ರಿ?"

"ಆಕಳಾ ಯಾರಿಗೆ ಸೇರೂದಿಲ್ರಿ?" ದನಿಯಲ್ಲಿ ಸಣ್ಣ ಉತ್ಸಾಹ ಕಂಡಿತು. ನನ್ನ ಜೀವ ಹಗುರಾಯಿತು.

"ಹಂಗಾರ..."

"ಆದ್ರ ನಿಮ್ಮನಿಯವರು ವಿಸ್ಕಿ ಅಂದಾರಲ್ರಿ. ಅದ ಆಗಲಿ. ನೀವು ಹೇಳಿದ್ಹಂಗ."

ಫೋನಿಟ್ಟು ಹಣೆ ಬಡಿದುಕೊಂಡೆ. ಬಾಯಿದ್ದವ ಬರಗಾಲದಲ್ಲೂ ಬದುಕಿದ ಅನ್ನುತ್ತಾರೆ. ನಮ್ಮ ನಾಲ್ವರಿಗೂ ಬಾಯಿತ್ತು, ಉಣ್ಣುವುದಕ್ಕೆ ಮಾತ್ರ.

ಆಗಸ್ಟ್ ಬಂತು, ಹಡಗು ಹತ್ತಿದೆವು. ಹಾಲು, ಹಣ್ಣು, ಮಾಂಸ ದಂಡೆಗೆ ಒಯ್ಯಬಾರದು ಅಂತ ಹಡಗಿನವರು ಬೋರ್ಡು ಹಾಕಿದ್ದರು. ಕಡಕ್ ರೊಟ್ಟಿ, ಶೇಂಗಾ ಚಟ್ನಿಪುಡಿಯ ಹೆಸರು ಅದರಲ್ಲಿರಲಿಲ್ಲ; ಸಿಡ್ನಿಯಿಂದ ತಂದ ಬುತ್ತಿಯನ್ನು ನಾನು ಚೀಲಕ್ಕೆ ಹಾಕಿದೆ. ನೀಲಕ್ಕನ ಚೀಲದಲ್ಲೂ ಒಂದು ಡಬ್ಬಿಯಿತ್ತು. ಅದರಲ್ಲಿ ಏನಿದೆ ಅಂತ ನನಗೆ ಕೇಳಬೇಕಾಗಿರಲಿಲ್ಲ.

ಬಸ್ಸು ಹಸಿರು ಗುಡ್ಡ, ಕಲ್ಲಿನ ಗೋಡೆಗಳ ನಡುವೆ ಸಾಗಿ ವಿಸ್ಕಿ ಮಾಡುವಲ್ಲಿ ಇಳಿಸಿತು. ದೊಡ್ಡ ತಾಮ್ರದ ಹಂಡೆಗಳನ್ನು ತೋರಿಸಿದರು. ಅಜ್ಜಿಮನೆಯ ಬಚ್ಚಲ ಹಂಡೆಯಂತಿವೆ ಎಂದು ಕಲ್ಲಯ್ಯನವರು ಮೆಚ್ಚಿದರು. ವಾಸನೆಗೆ ನೀಲಕ್ಕ ಕರ್ಚೀಫು ಮೂಗಿಗೆ ಹಿಡಿದರು, ನಾನು ಕೆಮ್ಮಿದೆ. ಕೊನೆಗೆ ಒಂದು ಕೋಣೆಯಲ್ಲಿ ಉದ್ದನೆಯ ಮೇಜಿನ ಸುತ್ತ ಬಸ್ಸಿನವರನ್ನೆಲ್ಲ ಕೂರಿಸಿ, ಪ್ರತಿಯೊಬ್ಬರ ಮುಂದೆ ಸಣ್ಣ ಗ್ಲಾಸು ಇಟ್ಟರು. ಗೈಡ್ ಹುಡುಗಿ ನಗುತ್ತಾ ನಿಂತಳು.

ನಮ್ಮವರು ಬೀಗರ ಮುಖ ನೋಡಿದರು. ಬೀಗರು ನಮ್ಮವರ ಮುಖ ನೋಡಿದರು.

"ತಗೋರಿ ಬೀಗರ."

"ನೀವು ಮೊದಲ ತಗೋರಿ."

ಬೀಗರಿಗೆ ಅವಮಾನ ಆಗಬಾರದು ಎಂದು ನಮ್ಮವರು ಶಿವಶಿವಾ ಅಂತ ಗ್ಲಾಸು ಎತ್ತಿದರು. ಅದನ್ನು ಕಂಡು ಕಲ್ಲಯ್ಯನವರು ಎಡಗೈಯಲ್ಲಿ ಎದೆಯ ಮೇಲಿನ ಲಿಂಗವನ್ನು ಮುಚ್ಚಿ ಹಿಡಿದು, ಬಲಗೈಯಲ್ಲಿ ತಮ್ಮದನ್ನು ಎತ್ತಿದರು. ಗ್ಲಾಸು ಇನ್ನೇನು ತುಟಿಗೆ ತಾಗಬೇಕು—

"ಇಡ್ರಿ ಕೆಳಗ!"

ಗುಡುಗು ಬಿದ್ದ ಹಾಗಾಯಿತು. ಚೈಲ್ಡ್‌ಕೇರಿನ ಗಂಟಲು! ನಮ್ಮವರು ಇಟ್ಟರು, ಕಲ್ಲಯ್ಯನವರು ಇಟ್ಟರು, ಕನ್ನಡದ ಗಂಧವಿಲ್ಲದ ಅಮೆರಿಕದ ಮುದುಕ ಮುದುಕಿಯರೂ ಟಪಟಪ ಇಟ್ಟರು. ಗೈಡ್ ಹುಡುಗಿ ಕೈಕಟ್ಟಿ ನಿಂತಳು. ನೀಲಕ್ಕ ಎದ್ದು ನಿಂತಿದ್ದರು, ಮುಖ ಕೆಂಡ.

"ಯಾರಿಗೆ ಬೇಕಾಗಿತ್ರಿ ಈ ದರಿದ್ರ? ನಮ್ಮನಿಯವರಿಗೆ ಬ್ಯಾಡ, ನನಗಂತೂ ಬ್ಯಾಡ. ನಿಮಗ ಬೇಕಾಗಿತ್ತೇನ್ರಿ?"

"ನನಗ್ಯಾಕ ಬೇಕ್ರಿ?" ನಮ್ಮವರು ಅಳುವ ದನಿಯಲ್ಲಿ ಅಂದರು. "ಬೀಗರಿಗೆ ಬೇಕಂತ ಬುಕ್ ಮಾಡಿದ್ದೆ."

"ನನಗ? ನಾ ಬರೇ ಮಾತಿಗೆ ಅಂದಿದ್ನ್ರೀ ಮಾರಾಯ್ರ!" ಅಂದರು ಕಲ್ಲಯ್ಯನವರು.

ನನಗೆ ನಗು ತಡೆಯಲಾಗಲಿಲ್ಲ. ನಾಲ್ವರೂ ಹೊರಗೆ ಬಂದು ರಸ್ತೆ ಬದಿಯ ಮೋಟು ಗೋಡೆಯ ಮೇಲೆ ಕೂತೆವು. ಗೋಡೆಯಾಚೆ ನೋಡುತ್ತೇನೆ, ಅವೇ ಆಕಳು! ಕಣ್ಣ ಮೇಲೆ ಕೆಂಚು ಕೂದಲು ಬಿಟ್ಟುಕೊಂಡು ಮೇಯುತ್ತಿದ್ದವು. ಗಂಡಸರು ಅವುಗಳ ಫೋಟೋ ತೆಗೆಯಲು ಹೋದರು. ನಾನು ಬುತ್ತಿ ಬಿಚ್ಚಿದೆ, ನೀಲಕ್ಕ ಡಬ್ಬಿ ತೆರೆದು ನನ್ನ ರೊಟ್ಟಿಯ ಪಕ್ಕ ಮಾದಲಿ ಸುರಿದರು.

ಇವತ್ತು ಹೇಳದಿದ್ದರೆ ಇನ್ನೆಂದೂ ಇಲ್ಲ ಅನಿಸಿತು. "ಅಕ್ಕಾರ, ತಪ್ಪು ತಿಳ್ಕೋಬ್ಯಾಡ್ರಿ. ನನಗ ಮಾದಲಿ ಸೇರೂದಿಲ್ಲ."

ನೀಲಕ್ಕ ಚಮಚ ಕೆಳಗಿಟ್ಟರು. ಆಮೇಲೆ, "ನನಗೂ ಸೇರೂದಿಲ್ರಿ," ಅಂದರು. "ನಿಮಗ ಜೀವ ಅಂತ ಹುರಿದು ಹುರಿದು ರಟ್ಟೆ ಬಿದ್ದು ಹೋಗ್ಯಾವು."

ಇಬ್ಬರೂ ಕಣ್ಣಲ್ಲಿ ನೀರು ಬರುವ ತನಕ ನಕ್ಕೆವು. ಆ ನಗುವಿನ ಬೆನ್ನಲ್ಲೇ ನನ್ನ ಬಾಯಿಂದ ಆ ಮಾತು ಬಂದೇಬಿಟ್ಟಿತು. "ಅಕ್ಕಾರ, ಆದ್ಯಾನ ಬಾಣಂತನ ನಮ್ಮನ್ಯಾಗ ಆಗಬೇಕಂತ ನನಗ ಭಾಳ ಆಸೆ ಐತ್ರಿ. ಕಳಸ್ತೀರೇನು?"

ನೀಲಕ್ಕನ ನಗು ನಿಂತಿತು.

"ಈಗ ಕೇಳ್ತೀರೇನ್ರಿ?" ಅಂದರು. "ತವರಿನವರು ಕರೀಲಿ ಅಂತ ಎಷ್ಟು ದಿನದಿಂದ ದಾರಿ ನೋಡಿದೆ. ಫೋನ್ ಬಂದಾಗೆಲ್ಲ ಇವತ್ತ ಕರೀತಾರ ಅನ್ಕೊತಿದ್ದೆ. ನೀವು ಕರೀಲಿಲ್ಲ. ತವರಿಗೆ ನಾ ಬ್ಯಾಡಾದೆ ಅಂತ ಹುಡುಗಿ ಕಣ್ಣಾಗ ನೀರು ತರಬಾರದಂತ ನಾನ ತೊಟ್ಲಾ ತಂದಿಟ್ಟೆ."

ನನಗೆ ಅಳು ಬಂತು. ರಸ್ತೆ ಅಂತಿಲ್ಲ, ಜನ ಅಂತಿಲ್ಲ, ಹೋ ಎಂದು ಅತ್ತುಬಿಟ್ಟೆ. ಅಂಥ ಹೆಂಗಸಿನ ಮೇಲೆ ನಾನು ಪಾತ್ರೆ ಬಡಿದಿದ್ದೆ. ನೀಲಕ್ಕ ನನ್ನ ಬೆನ್ನು ಸವರಿದರು. "ಕರ್ಕೊಂಡು ಹೋಗ್ರಿ. ನಿಮ್ಮ ಮಗಳು, ಯಾರು ಬ್ಯಾಡಂತಾರ?"

ನೀಲಕ್ಕ ಒಂದು ರೊಟ್ಟಿ ಮುರಿದರು. ಮತ್ತೆ, ಆಕಳುಗಳ ಕಡೆ ನೋಡುತ್ತಲೇ, "ಒಂದು ಕೇಳಲೇನ್ರಿ?" ಅಂದರು.

ನೀಲಕ್ಕ ಕೇಳುವುದೆಂದರೆ! ನಾನು ಕಣ್ಣೊರೆಸಿಕೊಂಡೆ.

"ಇಶಾನ್ ಹುಟ್ಟಿದಾಗ ನಮ್ಮವ್ವಗ ವೀಸಾ ಸಿಗಲಿಲ್ಲ. ಯಾರೂ ಬರಲಿಲ್ರಿ. ಇವರು ಉಪ್ಪಿಟ್ಟು ಮಾಡಿಟ್ಟು ಆಫೀಸಿಗೆ ಹೋಗೋರು. ಎರಕೊಂಡ ನೆನಪ ಇಲ್ಲ ನನಗ. ಹೆಣ್ಣುಮಗಳೂ ಹುಟ್ಟಲಿಲ್ಲ. ಬಾಣಂತನ ಅಂದ್ರ ಹೆಂಗಿರತೈತಿ, ಕಣ್ಣಿಂದ ನೋಡಿಲ್ಲ." ನನ್ನ ಕಡೆ ತಿರುಗಿದರು. "ಹುಡುಗೀನ್ನ ಕರಿಯೂ ಮುಂದ... ನನ್ನೂ ಕರೀತೀರೇನ್ರಿ?"

ಉಡಿ ತುಂಬಿ ಕರೆಯೋಣವೆಂದರೆ ಹಣೆಗೆ ಹಚ್ಚಲು ಕುಂಕುಮ ಕೂಡ ಇರಲಿಲ್ಲ. ಬುತ್ತಿಯಲ್ಲಿ ಉಳಿದ ರೊಟ್ಟಿಯನ್ನೆಲ್ಲ ಅವರ ದುಪಟ್ಟಾದ ಉಡಿಯಲ್ಲಿ ಹಾಕಿ, "ಬರ್ರಿ ಅಕ್ಕಾ," ಅಂದೆ.

ಏಳನೇ ತಿಂಗಳಿಗೆ ಸೀಮಂತದ ಕುಬುಸ ಮಾಡಿ ಆದ್ಯಾಳನ್ನು ಕರೆತಂದೆವು. ಆಸ್ಪತ್ರೆ ಬದಲಾಯಿಸುವುದು, ಆಫೀಸಿಗೆ ಹೇಳುವುದು ಎಲ್ಲವನ್ನೂ ಅವಳು ಮೊದಲೇ ವಿಚಾರಿಸಿಟ್ಟಿದ್ದಳು. ಆ ಕ್ರೂಸ್ ಯಾಕೆ ಕೊಡಿಸಿದ್ದಳು ಅಂತ ನನಗೆ ಆಗ ಹೊಳೆಯಿತು, ಕಳ್ಳಿ! ನೀಲಕ್ಕ ಬಹಳ ವರ್ಷ ದುಡಿದವರಿಗೆ ಸಿಗುವ ಲಾಂಗ್ ಸರ್ವಿಸ್ ಲೀವ್ ಹಾಕಿ, ತೊಟ್ಟಿಲನ್ನು ಕಾರಿಗೆ ಹೇರಿಸಿಕೊಂಡು ಕ್ರೇಗಿಬರ್ನಿನಿಂದ ಬಂದಿಳಿದರು. ಗಂಡಿನ ತಾಯಿ ಹೆಣ್ಣಿನ ಮನೆಯಲ್ಲಿ ತಿಂಗಳುಗಟ್ಟಲೆ ಇರುವುದೇ ಅಂತ ಹ್ಯಾರಿಸ್ ಪಾರ್ಕಿನ ಅಂಗಡಿಯಲ್ಲಿ ಒಬ್ಬಳು ಆಂಟಿ ಮೂಗಿನ ಮೇಲೆ ಬೆರಳಿಟ್ಟಳು. ಇಟ್ಟುಕೊಳ್ಳಲಿ.

ಈಗ ದಿನಾ ಮುಂಜಾನೆ ಬಚ್ಚಲಲ್ಲಿ ನಾನು ನೀರು ಹಾಕುತ್ತೇನೆ, ನೀಲಕ್ಕ ಕೂಸನ್ನು ಕಾಲ ಮೇಲೆ ಮಲಗಿಸಿಕೊಳ್ಳುತ್ತಾರೆ. ನೀರು ಬಿಸಿಯಾಯಿತು, ಸಾರು ಸಪ್ಪೆಯಾಯಿತು, ಶಾಂಭವಿ ನಿನಗೆ ಎಣ್ಣೆ ಹಚ್ಚಲು ಬರುವುದಿಲ್ಲ ಅಂತ ಒಂದೇ ಸಮನೆ ನಡೆದಿರುತ್ತದೆ. ಬಾಣಂತಿಗೆ ಮಾಡಿದ ಅಂಟಿನುಂಡಿಗೆ ನಮ್ಮವರು ಕದ್ದು ಕೈ ಹಾಕಿದರೆ ಒಳಗಿನಿಂದಲೇ "ಇಡ್ರಿ ಕೆಳಗ!" ಅಂತ ಗುಡುಗು ಬರುತ್ತದೆ.

"ನೀವು ಹೇಳಿದ್ಹಂಗ್ರಿ," ಅನ್ನುವವರು ಈಗ ನಮ್ಮ ಮನೆಯಲ್ಲಿ ನಮ್ಮವರೊಬ್ಬರೇ.