ಬೂದು ಬಣ್ಣದ ಪುಡಿ

ನನ್ನ ಚಿಕ್ಕಮ್ಮನನ್ನು ಪಿಂಗಾಣಿ ಕಾರ್ಖಾನೆಯಲ್ಲಿ ಎಲ್ಲರೂ ಭಟ್ಟಿ ಅಕ್ಕ ಎನ್ನುತ್ತಿದ್ದರು. ಕೇಳಿದವರು ಸಾರಾಯಿ ಕಾಯಿಸುವವಳು ಅಂದುಕೊಂಡರೆ ಅವಳ ತಪ್ಪಲ್ಲ. ವಿದ್ಯುತ್ ಉಪಕರಣಗಳಿಗೆ ಬೇಕಾದ ಪಿಂಗಾಣಿ ಬಿಲ್ಲೆಗಳನ್ನು ಸುಡುವುದು ಅವಳ ಕೆಲಸ. ನಸುಕಿನಲ್ಲಿ ಭಟ್ಟಿ ಹಚ್ಚಿದರೆ ಕತ್ತಲಾಗುವವರೆಗೂ ಕಾಯಬೇಕು. ಒಬ್ಬರೇ ಕಾಯುವಂತಿಲ್ಲ ಎಂಬ ನಿಯಮವಿದ್ದದ್ದರಿಂದ ಯಂತ್ರಗಳನ್ನು ನೋಡಿಕೊಳ್ಳುವ ಫಿಟ್ಟರ್ ಒಬ್ಬ ಜೊತೆಗಿರುತ್ತಿದ್ದ. ಚಿಕ್ಕಪ್ಪ ತೀರಿಕೊಂಡ ಮೇಲೆ ಅವಳು ಬಾಯಿಬಿಟ್ಟು ಮಾತಾಡುತ್ತಿದ್ದದ್ದು ಆ ಮನುಷ್ಯನ ಹತ್ತಿರ ಮಾತ್ರ. ಮಾತೆಂದರೇನು, ಅವನ ಮೊಣಕಾಲು ನೋವು, ಇವಳ ಮನೆಯ ಸೋರುವ ನಲ್ಲಿ. ಅಷ್ಟಕ್ಕೇ ಅವಳ ಜೀವ ಆತುಕೊಂಡಿತ್ತು. ಹಾಗೇನಿಲ್ಲ ಎಂದು ನನ್ನ ಮೇಲೆ ರೇಗುತ್ತಾಳೆ, ರೇಗಲಿ.

ಆಮೇಲೆ ಇಂಜಿನಿಯರಮ್ಮ ಹೊಸ ವಿಧಾನ ತಂದಳು. ಬಿಲ್ಲೆ ಮಾಡುವ ಬಿಳಿ ಪುಡಿಯನ್ನು ಗಾಳಿ ತಾಗದಂತೆ ಬೇರೆ ಅನಿಲದಲ್ಲಿ ಕಾಯಿಸಿ, ಅದರೊಳಗಿನ ಆಮ್ಲಜನಕವನ್ನು ಒಂದಿಷ್ಟು ಕಿತ್ತುಹಾಕುವುದು. ಬೇಕೆಂದೇ ಮಾಡುವ ಕುಂದು. ಪುಡಿ ಬೂದು ಬಣ್ಣಕ್ಕೆ ತಿರುಗುತ್ತದೆ. ಒಳಗುಳಿದ ಖಾಲಿ ಜಾಗಗಳಿಂದಾಗಿ ಕರೆಂಟ್ ಸಲೀಸಾಗಿ ಹರಿದು, ಕಡಿಮೆ ಕಾವಿನಲ್ಲೇ, ಕಣ್ಣುಮುಚ್ಚಿ ತೆರೆಯುವಷ್ಟರಲ್ಲಿ ಕಣಗಳು ಬೆಸೆದುಕೊಳ್ಳುತ್ತವೆ. ದಿನವಿಡೀ ಕಾಯುವುದೂ ಬೇಡ, ಜೊತೆಗೊಬ್ಬರೂ ಬೇಡ.

"ಪುಡಿ ಬಿಸಿ ಇರುವಾಗ ಪಾತ್ರೆ ಮುಚ್ಚಳ ತೆಗೀಬೇಡಿ ಅಕ್ಕ. ಗಾಳಿ ತಾಗಿದ್ರೆ ಮತ್ತೆ ಬೆಳ್ಳಗಾಗಿ ಎಲ್ಲಾ ಹಾಳು," ಎಂದು ಹೇಳಿ, ಮೊದಲ ಪ್ರಯೋಗದ ದಿನ ಇಂಜಿನಿಯರಮ್ಮ ಊಟಕ್ಕೆ ಹೋದಳು.

ಚಿಕ್ಕಮ್ಮ ಮುಚ್ಚಳದ ಹಿಡಿ ಹಿಡಿದು ನಿಂತಳು. ಒಮ್ಮೆ ಎತ್ತಿದ್ದರೆ ಪ್ರಯೋಗ ಕೆಡುತ್ತಿತ್ತು, ಹಳೆ ಭಟ್ಟಿ ಉಳಿಯುತ್ತಿತ್ತು, ಫಿಟ್ಟರ್ ಜೊತೆಗಿರುತ್ತಿದ್ದ. ಎತ್ತಲಿಲ್ಲ. ಇನ್ನಷ್ಟು ಬಿಗಿ ಮಾಡಿದಳು. ಕೆಲಸ ಕೆಡಿಸುವುದು ಅವಳ ಕೈಗೆ ಬರುವುದೇ ಇಲ್ಲ, ಏನು ಮಾಡುವುದು!

ಆ ಬೂದು ಪುಡಿಯನ್ನು ಬಿಲ್ಲೆಯಾಗಿ ಒತ್ತಿ ಕರೆಂಟ್ ಹಾಯಿಸಿದಾಗ ಅದು ಫಳ್ಳೆಂದು ಹೊಳೆಯಿತು, ಅಷ್ಟೇ. ತಣಿದ ಮೇಲೆ ನೋಡಿದರೆ ಕಲ್ಲಿನಂತೆ ಗಟ್ಟಿ. ಫಿಟ್ಟರ್ ಚಪ್ಪಾಳೆ ಹೊಡೆದ.

"ಅಬ್ಬಾ, ಇನ್ಮೇಲೆ ಹೊತ್ತು ಮುಳುಗೋಕೆ ಮುಂಚೆ ಮನೆ ಸೇರ್ಬೋದು. ನಮ್ಮವಳ ಗೊಣಗಾಟ ತಪ್ತು! ನಿಮಗೂ ನಿರಾಳ ಅಲ್ವಾ?"

"ಹೂಂ ಮತ್ತೆ," ಅಂದಳಂತೆ. 

ಅವತ್ತು ಬಿಸಿಲಿರುವಾಗಲೇ ತನ್ನ ಬೀದಿಗೆ ಬಂದಳು. ವರ್ಷಗಟ್ಟಲೆ ಕತ್ತಲಲ್ಲಿ ಹೋಗಿ ಕತ್ತಲಲ್ಲಿ ಬಂದು ಮಲಗಿದವಳು. ಬಾಗಿಲ ಮುಂದೆ ನಿಂತು ಚೀಲದಲ್ಲಿ ಕೀಲಿ ತಡಕುತ್ತಿದ್ದಾಗ, ಪಕ್ಕದ ಮನೆಯಾಕೆ ಕಿಟಕಿಯಿಂದ ಇಣುಕಿ, ಪಾಪ, ಒಳ್ಳೆಯ ಮನಸ್ಸಿನಿಂದಲೇ ಹೇಳಿದಳು:

"ಯಾರು ಬೇಕಿತ್ತಮ್ಮ? ಆ ಮನೇಲಿ ಯಾರೂ ಇಲ್ಲ."